ಅಗ್ಗದ ಗುರಿ ಪಿಸ್ತೂಲುಗಳು: ಬಾಳಿಕೆ ಮತ್ತು ಸುರಕ್ಷತೆ

ಹೈದರಾಬಾದ್ ನಗರದ ಪಶ್ಚಿಮಕ್ಕೆ, ಹೈದರಾಬಾದ್ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣದೊಳಗೆ ಒಂದು ಶೂಟಿಂಗ್ ರೇಂಜ್ ಇದೆ. 2002ರ ಡಿಸೆಂಬರ್‌ನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದ ಸಂದರ್ಭದಲ್ಲಿ ಅದು ನಿರ್ಮಾಣಗೊಂಡಿತು. ಮರುವರ್ಷ ಇದೇ ನಗರದಲ್ಲಿ ನಡೆದ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ಹೈದರಾಬಾದಿನಲ್ಲೇ ಬೆಳೆದ ಗಗನ್ ನಾರಂಗ್ 10 ಮೀಟರ್ ಗಾಳಿ ರೈಫಲ್ ಸ್ಪರ್ಧೆಯ ಚಿನ್ನದ ಪದಕ ಗೆದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ಕಂಚಿನ ಪದಕ ದೊರೆಯಿತು. ಇದೇ ನಗರದ ಈಶಾ ಸಿಂಗ್ 2018ರಲ್ಲಿ ತಮ್ಮ ಹದಿಮೂರನೆಯ ವಯಸ್ಸಿನಲ್ಲಿ ಗಾಳಿ ಪಿಸ್ತೂಲಿನ ರಾಷ್ಟ್ರೀಯ ಚಾಂಪಿಯನ್ ಆದರು. 2023ರಲ್ಲಿ ಹಾಂಗ್‌ಝೌನಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲು ಸ್ಪರ್ಧೆಯ ವೈಯಕ್ತಿಕ ಬೆಳ್ಳಿಯನ್ನೂ ತಂಡದ ಚಿನ್ನವನ್ನೂ ಗಳಿಸಿದರು.

ಇಂತಹ ಸಾಧನೆಗಳಿಂದ ಪ್ರೇರಿತರಾಗಿ ಶೂಟಿಂಗ್ ಕ್ರೀಡೆಯತ್ತ ಒಲಿಯುವ ಬಾಲಕ ಬಾಲಕಿಯರು ಎಲ್ಲ ವರ್ಗದ ಕುಟುಂಬಗಳಲ್ಲಿಯೂ ಇದ್ದಾರೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಆ ಕಡೆಯ ಅನೇಕ ಕನ್ನಡ ಕುಟುಂಬಗಳು ಇಂದಿಗೂ ವಿದ್ಯಾಭ್ಯಾಸ ಮತ್ತು ಉದ್ಯೋಗದ ನಿಮಿತ್ತ ಹೈದರಾಬಾದಿನಲ್ಲಿ ನೆಲೆಸಿವೆ. ಮಗ ಅಥವಾ ಮಗಳು ಗಾಳಿ ಪಿಸ್ತೂಲಿನ ಅಭ್ಯಾಸವನ್ನು ಮುಗಿಸಿ ಮುಂದಿನ ಹಂತವಾದ 25 ಮೀಟರ್ ಸ್ಪರ್ಧೆಗೆ ಅಣಿಯಾದಾಗ ತಂದೆ ತಾಯಿಯರ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಕಡಿಮೆ ಬೆಲೆಯ ಅಥವಾ ಹಳೆಯ ಪಿಸ್ತೂಲು ಎಷ್ಟು ಕಾಲ ಬಾಳೀತು? ಅದನ್ನು ಮಗುವಿನ ಕೈಗೆ ಕೊಡುವುದು ಕ್ಷೇಮವೇ? ಈ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ.

ರಿಮ್‌ಫೈರ್ ಎಂದರೇನು?

ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ, ತೋಟೆ ಕೋವಿ ಎಂಬ ಎರಡು ಮಾತುಗಳು ಬಳಕೆಯಲ್ಲಿವೆ. ಕೇಪಿನ ಕೋವಿಯಲ್ಲಿ ಮದ್ದು, ಗುಂಡು ಮತ್ತು ಕಿಡಿ ಹೊತ್ತಿಸುವ ಕೇಪು ಬೇರೆ ಬೇರೆಯಾಗಿರುತ್ತವೆ. ತೋಟೆಯಲ್ಲಿ ಇವೆಲ್ಲವೂ ಒಂದೇ ಕೋಶದೊಳಗೆ ಅಡಕವಾಗಿರುತ್ತವೆ. ಇಂದಿನ ಪಿಸ್ತೂಲುಗಳೆಲ್ಲ ತೋಟೆಯನ್ನೇ ಬಳಸುತ್ತವೆ.

ತೋಟೆಗಳಲ್ಲಿಯೂ ಎರಡು ಬಗೆ. ಒಂದರಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕವು ಹಿಂಭಾಗದ ನಡುವೆ ಪ್ರತ್ಯೇಕ ಬಟ್ಟಲಿನಲ್ಲಿರುತ್ತದೆ. ಇನ್ನೊಂದರಲ್ಲಿ ಅದು ತೋಟೆಯ ಹಿಂಬದಿಯ ಟೊಳ್ಳಾದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಪಿಸ್ತೂಲಿನೊಳಗಿನ ಮೊಳೆ, ಎಂದರೆ ಫೈರಿಂಗ್ ಪಿನ್, ಆ ಅಂಚಿಗೆ ಬಡಿದಾಗ ಅಂಚು ಜಜ್ಜಿ, ಕಿಡಿ ಹುಟ್ಟಿ, ಮದ್ದು ಉರಿಯುತ್ತದೆ. ಅಂಚಿಗೆ ಬಡಿದು ಹೊತ್ತಿಸುವ ಈ ಬಗೆಗೆ ರಿಮ್‌ಫೈರ್ ಎಂದು ಹೆಸರು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಸಂಸ್ಥೆ ಹೊರತಂದ ಚಿಕ್ಕ ತೋಟೆಯಿಂದ ಈ ಮಾದರಿ ಪ್ರಚಾರಕ್ಕೆ ಬಂದಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟೆ ಬಂದುದು 1887ರಲ್ಲಿ. ಹೆಸರಿನಲ್ಲಿ ರೈಫಲ್ ಎಂದಿದ್ದರೂ ಪಿಸ್ತೂಲುಗಳಲ್ಲಿಯೂ ಇದೇ ತೋಟೆ ಬಳಕೆಯಾಗುತ್ತದೆ. ಇದರ ಗುಂಡಿನ ವ್ಯಾಸ ಸುಮಾರು 5.6 ಮಿಲಿಮೀಟರ್, ತೂಕ ಸುಮಾರು 2.6 ಗ್ರಾಂ.

ಮಹಿಳೆಯರ 25 ಮೀಟರ್ ಪಿಸ್ತೂಲು ಸ್ಪರ್ಧೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲು ಸೇರ್ಪಡೆಯಾಯಿತು. ಅದರಲ್ಲಿಯೂ ಪುರುಷರ 25 ಮೀಟರ್ ಕ್ಷಿಪ್ರ ಗುರಿ ಸ್ಪರ್ಧೆಯಲ್ಲಿಯೂ ಈ ತೋಟೆಯೇ ಬಳಕೆಯಲ್ಲಿದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪಿಸ್ತೂಲಿನ ತೂಕ 1,400 ಗ್ರಾಂಗಳನ್ನು ಮೀರಬಾರದು. ಟ್ರಿಗರ್ ಎಳೆಯಲು ಕನಿಷ್ಠ 1,000 ಗ್ರಾಂಗಳಷ್ಟು ಬಲ ಬೇಕಾಗುವಂತಿರಬೇಕು.

ತೋಟೆ ಚಿಕ್ಕದು, ಸದ್ದು ಕಡಿಮೆ, ಹಿನ್ನೊದೆತವೂ ಅಲ್ಪ. ಈ ಕಾರಣದಿಂದ ಇದನ್ನು ಆಟಿಕೆಯಂತೆ ಭಾವಿಸುವವರಿದ್ದಾರೆ. ಇದು ದೊಡ್ಡ ತಪ್ಪು. ಉರಿಯುವ ಕ್ಷಣದಲ್ಲಿ ತೋಟೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 1,600 ಪಟ್ಟಿನವರೆಗೂ ಏರಬಹುದು. ಗುರಿ ತಪ್ಪಿ ಮೇಲ್ಮುಖವಾಗಿ ಹಾರಿದ ಗುಂಡು ಒಂದು ಮೈಲಿಗೂ ಮಿಗಿಲಾದ ದೂರದಲ್ಲಿರುವವರಿಗೆ ಅಪಾಯ ತರಬಲ್ಲದು. ಗಾಳಿ ಪಿಸ್ತೂಲಿನಿಂದ ರಿಮ್‌ಫೈರ್‌ಗೆ ಬರುವ ವಿದ್ಯಾರ್ಥಿಯು ಈ ಅಂತರವನ್ನು ಮೊದಲು ಮನಗಾಣಬೇಕು.

ನಮ್ಮಲ್ಲಿ ಅಗ್ಗದ ಪಿಸ್ತೂಲು ಎಂದರೆ ಯಾವುದು?

ಅಮೆರಿಕದಂತಹ ದೇಶಗಳಲ್ಲಿ ಕಡಿಮೆ ಬೆಲೆಯ ರಿಮ್‌ಫೈರ್ ಪಿಸ್ತೂಲುಗಳು ಅಂಗಡಿಗಳಲ್ಲಿ ಹೊಸದಾಗಿಯೇ ದೊರೆಯುತ್ತವೆ. ಭಾರತದ ಪರಿಸ್ಥಿತಿ ಬೇರೆ. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರು ವಿದೇಶಿ ಬಂದೂಕು, ಪಿಸ್ತೂಲುಗಳನ್ನು ಆಮದು ಮಾಡಿಕೊಳ್ಳುವುದಕ್ಕೆ ನಿರ್ಬಂಧವಿದೆ. ನಿಗದಿತ ಮಟ್ಟದ ಅಂಕಗಳನ್ನು ಗಳಿಸಿ ಮಾನ್ಯತೆ ಪಡೆದ ಶೂಟಿಂಗ್ ಪಟುಗಳಿಗೆ ಮತ್ತು ಕ್ರೀಡಾ ಸಂಸ್ಥೆಗಳಿಗೆ ಮಾತ್ರ ಈ ವಿಷಯದಲ್ಲಿ ರಿಯಾಯಿತಿ ಇದೆ. 1951ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರೈಫಲ್ ಸಂಘವು ಈ ಕ್ರೀಡೆಯ ರಾಷ್ಟ್ರಮಟ್ಟದ ಆಡಳಿತ ಸಂಸ್ಥೆಯಾಗಿದೆ.

ಆದುದರಿಂದ ಹೊಸ ಕಲಿಕೆಯವರಿಗೆ ನಮ್ಮಲ್ಲಿ ಕೈಗೆಟಕುವ ಪಿಸ್ತೂಲು ಎಂದರೆ ಸಾಮಾನ್ಯವಾಗಿ ಎರಡೇ: ಕ್ಲಬ್‌ನವರು ಅಭ್ಯಾಸಕ್ಕೆ ಕೊಡುವ ಪಿಸ್ತೂಲು, ಇಲ್ಲವೇ ಹಿರಿಯ ಪಟುವೊಬ್ಬರು ಬಳಸಿ ಕೊಟ್ಟ ಹಳೆಯ ಪಿಸ್ತೂಲು. ಇವೆರಡರ ಸಮಸ್ಯೆಯೂ ಒಂದೇ, ಅತಿಯಾದ ಬಳಕೆ. ಒಂದು ಲೆಕ್ಕ ಹಾಕಿ ನೋಡೋಣ. ಕ್ಲಬ್‌ನ ಒಂದು ಪಿಸ್ತೂಲನ್ನು ಆರು ವಿದ್ಯಾರ್ಥಿಗಳು ಹಂಚಿಕೊಂಡು, ಒಬ್ಬೊಬ್ಬರು ದಿನಕ್ಕೆ 50 ತೋಟೆಗಳನ್ನು ಹಾರಿಸಿದರೆ ದಿನಕ್ಕೆ 300 ಆಯಿತು. ವರ್ಷದಲ್ಲಿ 250 ದಿನ ಅಭ್ಯಾಸ ನಡೆದರೆ 75,000. ಒಬ್ಬ ಹವ್ಯಾಸಿ ತನ್ನ ಜೀವಮಾನದಲ್ಲಿ ಹಾರಿಸದಷ್ಟು ತೋಟೆಗಳನ್ನು ಕ್ಲಬ್‌ನ ಪಿಸ್ತೂಲು ಒಂದೇ ವರ್ಷದಲ್ಲಿ ಹಾರಿಸಬಹುದು. ಅದರ ಬಾಳಿಕೆಯನ್ನು ವರ್ಷಗಳಲ್ಲಿ ಎಣಿಸಿದರೆ ನಿಜವಾದ ಸ್ಥಿತಿ ತಿಳಿಯುವುದಿಲ್ಲ. ಹಾರಿಸಿದ ತೋಟೆಗಳ ಸಂಖ್ಯೆಯಿಂದಲೇ ಅದನ್ನು ಅಳೆಯಬೇಕು.

ಬೆಲೆ ಇಳಿಯುವುದು ಎಲ್ಲಿ?

ಕಡಿಮೆ ಬೆಲೆಯ ಪಿಸ್ತೂಲುಗಳೆಲ್ಲ ಕಳಪೆ ಎಂದು ತಿಳಿಯಲಾಗದು. ತಯಾರಕನು ಬೆಲೆಯನ್ನು ಯಾವ ಅಂಶದಲ್ಲಿ ಇಳಿಸಿದ್ದಾನೆ ಎಂಬುದೇ ಮುಖ್ಯ. ಈ ಮಾತಿಗೆ 1949ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ರೂಗರ್ ಪಿಸ್ತೂಲು ಒಳ್ಳೆಯ ನಿದರ್ಶನ. ಅದರ ಅಂದಿನ ಬೆಲೆ 37 ಡಾಲರ್ 50 ಸೆಂಟ್ ಮಾತ್ರ. ಅದರ ಹಿಡಿಯ ಚೌಕಟ್ಟನ್ನು ಉಕ್ಕಿನ ಗಟ್ಟಿಯಿಂದ ಕೊರೆಯುವ ಬದಲು, ಉಕ್ಕಿನ ತಗಡನ್ನು ಎರಡು ಹೋಳುಗಳಾಗಿ ಒತ್ತಿ ಬೆಸುಗೆ ಹಾಕಲಾಗಿತ್ತು. ಉಳಿತಾಯವಾದುದು ಕೊರೆಯುವ ಶ್ರಮದಲ್ಲಿ. ಒತ್ತಡ ಬೀಳುವ ನಳಿಗೆ ಮತ್ತು ಬೋಲ್ಟ್ ಉಕ್ಕಿನವೇ ಆಗಿದ್ದವು. ಅದೇ ವಿನ್ಯಾಸದ ಮುಂದಿನ ಮಾದರಿಗಳು ಏಳು ದಶಕಗಳ ಬಳಿಕವೂ ತಯಾರಾಗುತ್ತಿರುವುದು ಅದರ ಗಟ್ಟಿತನಕ್ಕೆ ಸಾಕ್ಷಿ. ಸೋವಿಯತ್ ದೇಶದಲ್ಲಿ ಮಿಖಾಯಿಲ್ ಮಾರ್ಗೋಲಿನ್ ರೂಪಿಸಿದ ಗುರಿ ಪಿಸ್ತೂಲು ಸಹ ಇಂತಹ ಸರಳ ರಚನೆಗೆ ಹೆಸರಾಯಿತು. ಮಾರ್ಗೋಲಿನ್ ಯೌವನದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಕೈಸ್ಪರ್ಶದಿಂದಲೇ ಭಾಗಗಳ ರೂಪವನ್ನು ನಿರ್ಧರಿಸಿದರೆಂಬುದು ಗಮನಾರ್ಹ.

ಇದಕ್ಕೆ ಪ್ರತಿಯಾಗಿ, ಬಲ ಬೀಳುವ ಭಾಗಗಳನ್ನೇ ಅಗ್ಗದ ಲೋಹದಿಂದ ಮಾಡಿದ ಪಿಸ್ತೂಲುಗಳೂ ಇವೆ. ಇವುಗಳಲ್ಲಿ ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಎರೆಯುತ್ತಾರೆ. ಈ ಮಿಶ್ರಲೋಹವು ಸುಮಾರು 380 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕರಗುವುದರಿಂದ ಎರಕದ ಖರ್ಚು ಕಡಿಮೆ. ಉಕ್ಕು ಕರಗಲು 1,400 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಬೇಕಾಗಬಹುದು. ಸತುವಿನ ಎರಕಕ್ಕೆ ಉಕ್ಕಿನಷ್ಟು ಕಸುವಿಲ್ಲ. ಮತ್ತೆ ಮತ್ತೆ ಬೀಳುವ ಪೆಟ್ಟಿಗೆ ಅದು ಜಜ್ಜುತ್ತದೆ ಅಥವಾ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಎರಕದಲ್ಲಿ ಸೀಸ ಮುಂತಾದ ಕಲ್ಮಶಗಳು ಉಳಿದಿದ್ದರೆ, ಬಳಸದೆ ಇಟ್ಟರೂ ಕಾಲಾನುಕ್ರಮದಲ್ಲಿ ಅದು ಉಬ್ಬಿ ಸೀಳುವುದುಂಟು. ಅಮೆರಿಕದ ಇಲಿನಾಯ್, ದಕ್ಷಿಣ ಕ್ಯಾರೊಲಿನಾ ಮೊದಲಾದ ಕೆಲವು ರಾಜ್ಯಗಳು, ನಿಗದಿತ ಉಷ್ಣತೆಗಿಂತ ಕೆಳಗೆ ಕರಗುವ ಲೋಹದಿಂದ ಮಾಡಿದ ಕೈಬಂದೂಕುಗಳ ಮಾರಾಟವನ್ನು ಕಾನೂನಿನ ಮೂಲಕ ನಿರ್ಬಂಧಿಸಿವೆ. ಕ್ಯಾಲಿಫೋರ್ನಿಯಾ ರಾಜ್ಯದ 1999ರ ಕಾನೂನಿನಲ್ಲಿ, ಒಂದು ಮಾದರಿಯು 600 ತೋಟೆಗಳನ್ನು ಹಾರಿಸುವ ಪರೀಕ್ಷೆಯಲ್ಲಿಯೂ ಎತ್ತರದಿಂದ ಬೀಳಿಸುವ ಪರೀಕ್ಷೆಯಲ್ಲಿಯೂ ಉತ್ತೀರ್ಣವಾಗಬೇಕೆಂಬ ನಿಯಮವಿದೆ.

ಬೆಲೆ ಹೆಚ್ಚಾದ ಮಾತ್ರಕ್ಕೆ ಕೆಡುವುದಿಲ್ಲವೆಂದೂ ಹೇಳಲಾಗದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ 10 ಮೀಟರ್ ಗಾಳಿ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನ ವಿದ್ಯುನ್ಮಾನ ಟ್ರಿಗರ್‌ನಲ್ಲಿ ದೋಷ ಕಾಣಿಸಿಕೊಂಡಿತು. ದುರಸ್ತಿಗೆ ಅಮೂಲ್ಯವಾದ ನಿಮಿಷಗಳು ಕಳೆದುಹೋದವು. ಕೇವಲ ಎರಡು ಅಂಕಗಳ ಅಂತರದಿಂದ ಅವರು ಅಂತಿಮ ಸುತ್ತನ್ನು ಪ್ರವೇಶಿಸಲಾಗಲಿಲ್ಲ. ಉತ್ತಮ ದರ್ಜೆಯ ಯಂತ್ರವೂ ಕೆಡಬಹುದೆಂಬುದಕ್ಕೆ ಈ ಘಟನೆ ನಿದರ್ಶನ.

ಮೊದಲು ಸವೆಯುವ ಭಾಗಗಳು

ರಿಮ್‌ಫೈರ್ ಪಿಸ್ತೂಲುಗಳಲ್ಲಿ ಬಹುಪಾಲು ತೀರ ಸರಳವಾದ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಗುಂಡು ಹಾರುವಾಗ ನಳಿಗೆಯ ಹಿಂಬದಿಯನ್ನು ಮುಚ್ಚಿರುವ ಬೋಲ್ಟ್‌ಗೆ ಬೀಗವೇನೂ ಇರುವುದಿಲ್ಲ. ಅದರ ತೂಕ ಮತ್ತು ಹಿಂಬದಿಯ ಸ್ಪ್ರಿಂಗ್, ಇವೆರಡೇ ಅದನ್ನು ಸ್ವಸ್ಥಾನದಲ್ಲಿ ತಡೆಹಿಡಿಯುತ್ತವೆ. ಗುಂಡು ನಳಿಗೆಯನ್ನು ಬಿಟ್ಟು ಒತ್ತಡ ಇಳಿಯುವ ವೇಳೆಗೆ ಬೋಲ್ಟ್ ಹಿಂದೆ ಸರಿದು, ಖಾಲಿ ತೋಟೆಯನ್ನು ಹೊರಹಾಕಿ, ಮುಂದಿನದನ್ನು ಒಳಗೆ ತಳ್ಳುತ್ತದೆ.

ಹೀಗಾಗಿ ಬಾಳಿಕೆಯ ವಿಚಾರದಲ್ಲಿ ಪ್ರಥಮ ಸ್ಥಾನ ಈ ಸ್ಪ್ರಿಂಗಿಗೆ ಸಲ್ಲುತ್ತದೆ. ಅದು ಸಡಿಲವಾದಂತೆ ಬೋಲ್ಟ್ ಹೆಚ್ಚು ವೇಗದಿಂದ ಹಿಂದಕ್ಕೆ ಬಂದು ಚೌಕಟ್ಟಿಗೆ ಅಪ್ಪಳಿಸುತ್ತದೆ. ಚೌಕಟ್ಟು ಬಿರುಕು ಬಿಡಲು ಇದೇ ಮುಖ್ಯ ಕಾರಣ. ಸ್ಪ್ರಿಂಗ್‌ನ ಬೆಲೆ ಪಿಸ್ತೂಲಿನ ಬೆಲೆಯ ಒಂದು ಸಣ್ಣ ಅಂಶ ಮಾತ್ರ. ತಯಾರಕರು ಸೂಚಿಸಿದಷ್ಟು ತೋಟೆಗಳ ನಂತರ ಅದನ್ನು ತಪ್ಪದೆ ಬದಲಾಯಿಸುತ್ತಿದ್ದರೆ ಸಾಧಾರಣ ಪಿಸ್ತೂಲೂ ದೀರ್ಘಕಾಲ ಬಾಳುತ್ತದೆ. ಗುರಿ ಪಿಸ್ತೂಲುಗಳಿಗೆ ಸಾಮಾನ್ಯ ವೇಗದ ತೋಟೆಯೇ ಯೋಗ್ಯ. ಅಧಿಕ ವೇಗದ ತೋಟೆ ಬಳಸಿದರೆ ಅಂಕ ಹೆಚ್ಚುವುದಿಲ್ಲ, ಬಡಿತ ಮಾತ್ರ ಹೆಚ್ಚುತ್ತದೆ.

ಎರಡನೆಯದು ಫೈರಿಂಗ್ ಪಿನ್. ತೋಟೆಯಿಲ್ಲದ ಪಿಸ್ತೂಲಿನ ಟ್ರಿಗರ್ ಎಳೆದರೆ ಅನೇಕ ಮಾದರಿಗಳಲ್ಲಿ ಪಿನ್ ನೇರವಾಗಿ ನಳಿಗೆಯ ಅಂಚಿಗೇ ಬಡಿಯುತ್ತದೆ. ಪಿನ್‌ನ ತುದಿ ಮೊಂಡಾಗುತ್ತದೆ, ತೋಟೆ ಕೂರುವ ಗೂಡಿನ ಅಂಚು ಜಜ್ಜುತ್ತದೆ. ಬಳಿಕ ತೋಟೆ ಹೊತ್ತದೆ ಉಳಿಯುವುದು, ಸಿಕ್ಕಿಕೊಳ್ಳುವುದು ಆರಂಭವಾಗುತ್ತದೆ. ತೋಟೆಯಿಲ್ಲದೆ ಟ್ರಿಗರ್ ಅಭ್ಯಾಸ ಮಾಡುವುದು ಗುರಿಕಾರನಿಗೆ ಅವಶ್ಯ. ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲುಗಳಲ್ಲಿ ಅದಕ್ಕೆ ಪ್ರತ್ಯೇಕ ಏರ್ಪಾಡು ಇರುತ್ತದೆ. ಆ ಏರ್ಪಾಡು ಇಲ್ಲದ ಪಿಸ್ತೂಲಿನಲ್ಲಿ ನಕಲಿ ತೋಟೆಯನ್ನು ಇಟ್ಟೇ ಅಭ್ಯಾಸ ಮಾಡಬೇಕು.

ಮೂರನೆಯದು ಮ್ಯಾಗಜಿನ್. ತೋಟೆ ಸರಿಯಾಗಿ ಏರದಿದ್ದಾಗ ನಾವು ಪಿಸ್ತೂಲನ್ನು ದೂರುತ್ತೇವೆ. ಆದರೆ ನೆಲಕ್ಕೆ ಬಿದ್ದು ಬಾಗಿದ ಮ್ಯಾಗಜಿನ್‌ನ ತುಟಿಗಳೇ ಅನೇಕ ವೇಳೆ ಇದಕ್ಕೆ ಕಾರಣ. ನಾಲ್ಕನೆಯದು ಟ್ರಿಗರ್‌ನ ಒಳಗಿನ ಕೊಕ್ಕೆ. ಬಡಿಯುವ ಭಾಗವನ್ನು ತಡೆದು ನಿಲ್ಲಿಸುವ ಈ ಚಿಕ್ಕ ಅಂಚು ಸವೆದರೆ ಟ್ರಿಗರ್ ದಿನೇ ದಿನೇ ಹಗುರವಾಗುತ್ತ ಹೋಗುತ್ತದೆ. ಹಗುರವಾದ ಟ್ರಿಗರ್‌ನಿಂದ ಗುರಿ ಸುಲಭವಾಯಿತೆಂದು ವಿದ್ಯಾರ್ಥಿ ಸಂತೋಷಪಡಬಹುದು. ವಾಸ್ತವವಾಗಿ ಅದು ಅಪಾಯದ ಮುನ್ಸೂಚನೆ. ಸ್ಪರ್ಧೆಗಳಲ್ಲಿ ಮಾಡುವಂತೆ 1,000 ಗ್ರಾಂ ತೂಕದ ಬಟ್ಟನ್ನು ಟ್ರಿಗರ್‌ಗೆ ತೂಗಿಬಿಟ್ಟು ಆಗಾಗ ಪರೀಕ್ಷಿಸಿದರೆ ಈ ಸವೆತ ಬೇಗ ತಿಳಿಯುತ್ತದೆ.

ಕಡೆಗಣಿಸಬಾರದ ಲಕ್ಷಣಗಳು

ಕೆಲವು ಲಕ್ಷಣಗಳು ಕಂಡೊಡನೆ ಶೂಟಿಂಗ್ ನಿಲ್ಲಿಸಲೇಬೇಕು.

ಟ್ರಿಗರ್ ಎಳೆದಾಗ ಸದ್ದು ಎಂದಿಗಿಂತ ತೀರ ಕ್ಷೀಣವಾಗಿ ಕೇಳಿಸಿದರೆ ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡಿರುವ ಸಂಭವವಿದೆ. ಆಗ ಇನ್ನೊಂದು ತೋಟೆ ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಅವಸರದ ಸುತ್ತಿನಲ್ಲಿ ಗುರಿಯು ಮೂರೇ ಸೆಕೆಂಡುಗಳ ಕಾಲ ಕಾಣಿಸಿಕೊಳ್ಳುವುದರಿಂದ ಹುಡುಗರು ಈ ತಪ್ಪು ಮಾಡುವ ಸಂಭವ ಹೆಚ್ಚು.

ಟ್ರಿಗರ್ ಎಳೆದರೂ ತೋಟೆ ಹೊತ್ತದಿದ್ದರೆ ಕೂಡಲೆ ಬೋಲ್ಟ್ ತೆರೆಯಬಾರದು. ಅಪರೂಪವಾಗಿ ತೋಟೆ ತಡವಾಗಿ ಹೊತ್ತುವುದುಂಟು. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾದು, ಬಳಿಕ ತೆರೆಯಬೇಕು. ಸ್ಪರ್ಧೆಯಲ್ಲಿಯೂ ಪಿಸ್ತೂಲನ್ನು ಗುರಿಯ ದಿಕ್ಕಿಗೇ ಇಟ್ಟು, ಬಿಡುವಾದ ಕೈಯನ್ನು ಮೇಲೆತ್ತಿ ಅಧಿಕಾರಿಯನ್ನು ಕರೆಯಬೇಕೆಂಬುದು ನಿಯಮ. ದೋಷದ ನೆಪದಲ್ಲಿ ಹಿಂದಿರುಗಿ ತರಬೇತುದಾರನಿಗೆ ಪಿಸ್ತೂಲು ತೋರಿಸುವುದು ಅತ್ಯಂತ ಅಪಾಯಕರ.

ಹೊರಬಿದ್ದ ಖಾಲಿ ತೋಟೆಗಳನ್ನು ಆಯ್ದು ನೋಡುವ ಅಭ್ಯಾಸ ಒಳ್ಳೆಯದು. ಹಿಂಬದಿ ಉಬ್ಬಿದ್ದರೆ, ಅಂಚು ಒಡೆದಿದ್ದರೆ, ತೋಟೆಯು ಗೂಡಿನೊಳಗೆ ಪೂರ್ಣವಾಗಿ ಕೂರುವ ಮೊದಲೇ ಹೊತ್ತಿದೆ ಎಂದು ಶಂಕಿಸಬೇಕು. ರಿಮ್‌ಫೈರ್ ತೋಟೆಯ ಹಿತ್ತಾಳೆಯ ಅಂಚು ಬಡಿತಕ್ಕೆ ಜಜ್ಜಲೆಂದೇ ತೆಳುವಾಗಿರುತ್ತದೆ. ಆಧಾರ ತಪ್ಪಿದಾಗ ಅದೇ ಮೊದಲು ಸೀಳುತ್ತದೆ. ಆಗ ಬಿಸಿ ಅನಿಲ ಮತ್ತು ಲೋಹದ ಚೂರುಗಳು ಹಿಂದಕ್ಕೆ ಸಿಡಿಯುತ್ತವೆ. ಗೂಡಿನಲ್ಲಿ ಕಿಟ್ಟ ಕಟ್ಟಿರುವುದು, ಸ್ಪ್ರಿಂಗ್ ದುರ್ಬಲವಾಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಕಣ್ಣಿಗೆ ರಕ್ಷಣಾ ಕನ್ನಡಕ, ಕಿವಿಗೆ ರಕ್ಷಾಕವಚ ಇಲ್ಲದೆ ಯಾರೂ, ವೀಕ್ಷಕರು ಸಹ, ರೇಂಜಿನ ಸಾಲಿನಲ್ಲಿ ನಿಲ್ಲಬಾರದು.

ಒಮ್ಮೆ ಎಳೆದಾಗ ಎರಡು ಗುಂಡು ಹಾರಿದರೆ, ಅಥವಾ ಬೋಲ್ಟ್ ಮುಚ್ಚಿದೊಡನೆ ತಾನಾಗಿಯೇ ಗುಂಡು ಹಾರಿದರೆ, ಆ ಪಿಸ್ತೂಲನ್ನು ಪರಿಣತರು ನೋಡುವವರೆಗೆ ಮತ್ತೆ ಬಳಸಕೂಡದು.

ಕೈಯಲ್ಲಿರುವ ಸುರಕ್ಷತೆ

ಪಿಸ್ತೂಲಿನ ಬದಿಯಲ್ಲಿ ಸುರಕ್ಷಾ ಗುಂಡಿ ಇರುವುದರಿಂದ ಅದು ಸುರಕ್ಷಿತ ಎಂಬ ಭಾವನೆ ಸರಿಯಲ್ಲ. ಗುಂಡಿಯೂ ಒಂದು ಯಂತ್ರಭಾಗ. ಉಳಿದ ಭಾಗಗಳಂತೆ ಅದೂ ಸವೆಯುತ್ತದೆ. ಅಗ್ಗದ ಅಥವಾ ಹಳೆಯ ಪಿಸ್ತೂಲು ನೆಲಕ್ಕೆ ಬಿದ್ದಾಗ, ಗೂಡಿನಲ್ಲಿ ತೋಟೆ ಇದ್ದರೆ, ಗುಂಡಿ ಹಾಕಿದ್ದರೂ ಹೊತ್ತಬಹುದು. ಇದಕ್ಕೆ ನಿಶ್ಚಿತವಾದ ಪರಿಹಾರ ಒಂದೇ: ಗುಂಡು ಹಾರಿಸುವ ಸಾಲಿನಲ್ಲಿ ನಿಂತು ಅಪ್ಪಣೆ ಪಡೆಯುವವರೆಗೆ ತೋಟೆ ತುಂಬದಿರುವುದು.

ಪಿಸ್ತೂಲು ಕೈಗೆ ಬಂದೊಡನೆ, ಖಾಲಿ ಇದೆ ಎಂದು ಇನ್ನೊಬ್ಬರು ಹೇಳಿದರೂ, ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದೆಳೆದು, ಗೂಡನ್ನು ಕಣ್ಣಾರೆ ನೋಡಬೇಕು. ಈ ಕ್ರಮ ತಪ್ಪಬಾರದು. ಮ್ಯಾಗಜಿನ್ ಹೊರಗಿದ್ದರೂ ಗೂಡಿನಲ್ಲಿ ಒಂದು ತೋಟೆ ಉಳಿದಿರಬಹುದು. ಬಾಯಿ ಯಾವಾಗಲೂ ಗುರಿಯ ಕಡೆಗಿರಬೇಕು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನ ಹೊರಗಿರಬೇಕು. ಪಿಸ್ತೂಲು ಕೆಳಗಿಟ್ಟಾಗಲೆಲ್ಲ ಗೂಡಿನೊಳಗೆ ಹೊಳೆಯುವ ಬಣ್ಣದ ಸುರಕ್ಷಾ ದಾರ ಅಥವಾ ಪಟ್ಟಿ ತೂರಿಸಿರಬೇಕೆಂದು ಅಂತರರಾಷ್ಟ್ರೀಯ ನಿಯಮ ವಿಧಿಸುತ್ತದೆ. ಇದರ ಬೆಲೆ ಅತ್ಯಲ್ಪ. ಪಿಸ್ತೂಲು ಖಾಲಿ ಇದೆ ಎಂಬುದು ದೂರದಿಂದಲೇ ಎಲ್ಲರಿಗೂ ಕಾಣಿಸುತ್ತದೆ.

ಕಣ್ಣಿಗೆ ಕಾಣದ ಅಪಾಯವೂ ಒಂದಿದೆ. ರಿಮ್‌ಫೈರ್ ಗುಂಡು ಸೀಸದ್ದು, ಕಿಡಿ ಹೊತ್ತಿಸುವ ರಾಸಾಯನಿಕದಲ್ಲಿಯೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಮುಚ್ಚಿದ ರೇಂಜಿನಲ್ಲಿ ಗಾಳಿಯ ಸಂಚಾರ ಸರಿಯಿಲ್ಲದಿದ್ದರೆ ಇದರ ಧೂಳು ಉಸಿರಿನ ಮೂಲಕ ದೇಹ ಸೇರುತ್ತದೆ. ಬೆಳೆಯುವ ಮಕ್ಕಳ ಮಿದುಳು ಮತ್ತು ನರಮಂಡಲಕ್ಕೆ ಸೀಸ ಹಾನಿಕರ. ಅಭ್ಯಾಸದ ನಡುವೆ ತಿಂಡಿ ತಿನ್ನಬಾರದು. ಮುಗಿದ ಮೇಲೆ ಕೈ, ಮುಖಗಳನ್ನು ಸಾಬೂನಿನಿಂದ ತೊಳೆಯಬೇಕು. ಅಭ್ಯಾಸದ ಬಟ್ಟೆಗಳನ್ನು ಮನೆಯವರ ಬಟ್ಟೆಗಳ ಜೊತೆ ಸೇರಿಸದೆ ಬೇರೆಯಾಗಿ ಒಗೆಯಬೇಕು.

ಪೋಷಣೆ ಮತ್ತು ಹವಾಮಾನ

ರಿಮ್‌ಫೈರ್ ಗುಂಡಿನ ಹೊರಮೈಗೆ ಮೇಣ ಅಥವಾ ಜಿಡ್ಡು ಸವರಿರುತ್ತಾರೆ. ಮದ್ದಿನ ಮಸಿಯೊಡನೆ ಅದು ಬೆರೆತು ಗೂಡಿನಲ್ಲಿಯೂ ಬೋಲ್ಟ್‌ನ ಮುಖದಲ್ಲಿಯೂ ಗಟ್ಟಿಯಾದ ಕಿಟ್ಟವಾಗುತ್ತದೆ. ಹೈದರಾಬಾದಿನ ಬೇಸಿಗೆ ಶುಷ್ಕ, ಧೂಳು ಹೆಚ್ಚು. ಎಣ್ಣೆಯನ್ನು ಧಾರಾಳವಾಗಿ ಹಾಕಿದರೆ ಧೂಳು ಅದಕ್ಕೆ ಅಂಟಿ ಅರೆಯುವ ಪುಡಿಯಂತೆ ಕೆಲಸ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ತೇವಾಂಶ ಏರಿ ತುಕ್ಕಿನ ಭಯ ಎದುರಾಗುತ್ತದೆ. ಬೇಸಿಗೆಯಲ್ಲಿ ಎಣ್ಣೆ ಮಿತವಾಗಿರಲಿ. ಮಳೆಗಾಲದಲ್ಲಿ ಪ್ರತಿ ಅಭ್ಯಾಸದ ನಂತರ ಒರೆಸಿ ತೆಳುವಾಗಿ ಎಣ್ಣೆ ಸವರುವುದು ಅಗತ್ಯ. ಚರ್ಮದ ಚೀಲ ತೇವ ಹೀರಿಕೊಳ್ಳುವುದರಿಂದ ಪಿಸ್ತೂಲನ್ನು ಅದರಲ್ಲಿ ಬಹಳ ಕಾಲ ಇಡಬಾರದು.

ನಳಿಗೆಯನ್ನು ಉಜ್ಜುವಾಗ ಸಾಧ್ಯವಾದಲ್ಲಿ ಹಿಂಬದಿಯಿಂದ ಮುಂದಕ್ಕೆ ಉಜ್ಜಬೇಕು. ನಳಿಗೆಯ ಬಾಯಿಯ ಅಂಚು ಸವೆದರೆ ಗುರಿಯ ನಿಖರತೆ ಕುಂದುತ್ತದೆ. ಹಾರಿಸಿದ ತೋಟೆಗಳ ಸಂಖ್ಯೆ, ಸ್ಪ್ರಿಂಗ್ ಬದಲಾಯಿಸಿದ ದಿನಾಂಕ, ಕಂಡುಬಂದ ದೋಷಗಳು, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ಪ್ರತಿಯೊಂದು ಕ್ಲಬ್ಬೂ ಅನುಸರಿಸುವುದು ಲೇಸು. ಅನೇಕರು ಹಂಚಿಕೊಂಡ ಪಿಸ್ತೂಲಿನ ಹೊಣೆ ಯಾರದೂ ಅಲ್ಲದಂತಾಗುತ್ತದೆ. ಪುಸ್ತಕವಿದ್ದರೆ ಬೆಳಗಿನ ತಂಡ ಕಂಡ ದೋಷ ಸಂಜೆಯ ತಂಡಕ್ಕೆ ತಿಳಿಯುತ್ತದೆ.

ಕಾನೂನಿನ ಚೌಕಟ್ಟು

ರಿಮ್‌ಫೈರ್ ಪಿಸ್ತೂಲು ಎಷ್ಟೇ ಚಿಕ್ಕದಾಗಿದ್ದರೂ 1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಅದು ಬಂದೂಕೇ. ಅದನ್ನು ಹೊಂದಲು ಪರವಾನಗಿ ಕಡ್ಡಾಯ. ನಗರಗಳಲ್ಲಿ ಸಾಮಾನ್ಯವಾಗಿ ಪೊಲೀಸ್ ಕಮಿಷನರ್ ಅವರೂ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳೂ ಪರವಾನಗಿ ನೀಡುವ ಅಧಿಕಾರಿಗಳಾಗಿರುತ್ತಾರೆ. 2019ರ ತಿದ್ದುಪಡಿಯ ಮೂಲಕ ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿಸಲಾಯಿತು. ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಲಾಯಿತು. ಸಾಧನೆ ಮಾಡಿದ ಶೂಟಿಂಗ್ ಪಟುಗಳಿಗೆ ಸಂಖ್ಯೆಯ ವಿಷಯದಲ್ಲಿ ವಿನಾಯಿತಿ ಇದೆ.

ಬಳಸಿದ ಪಿಸ್ತೂಲನ್ನು ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಮಾರುವವರು ತಮ್ಮ ಉದ್ದೇಶವನ್ನು ಸಂಬಂಧಪಟ್ಟ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಕನಿಷ್ಠ 45 ದಿನಗಳು ಕಳೆಯುವವರೆಗೆ ಅದನ್ನು ಹಸ್ತಾಂತರಿಸುವಂತಿಲ್ಲ. ದುರಸ್ತಿಯ ವೃತ್ತಿಗೂ ಪರವಾನಗಿ ಬೇಕು. ಲೇತ್ ಯಂತ್ರವಿರುವ ಯಾವುದೋ ಕಾರ್ಯಾಗಾರದಲ್ಲಿ ಸ್ಪ್ರಿಂಗ್ ಅಥವಾ ಪಿನ್ ಮಾಡಿಸುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಅಳತೆಯಲ್ಲಿ ಕೂದಲೆಳೆಯಷ್ಟು ಉದ್ದವಾದ ಪಿನ್ ಬೋಲ್ಟ್ ಮುಚ್ಚುವಾಗಲೇ ತೋಟೆಯನ್ನು ಹೊತ್ತಿಸಬಲ್ಲದು.

ಮನೆಯಲ್ಲಿ ಪಿಸ್ತೂಲನ್ನು ಒಂದು ಬೀಗದೊಳಗೂ ತೋಟೆಗಳನ್ನು ಬೇರೊಂದು ಬೀಗದೊಳಗೂ ಇಡಬೇಕು. ಬೀಗದ ಕೈ ಹಿರಿಯರ ಬಳಿಯೇ ಇರಬೇಕು. ಸ್ಪರ್ಧೆಗೆ ಹೋಗುವ ಮಗುವಿನ ವಿಷಯದಲ್ಲಿ ಇದನ್ನು ಅಪನಂಬಿಕೆಯೆಂದು ಭಾವಿಸಬೇಕಾಗಿಲ್ಲ. ಮನೆಗೆ ಬರುವ ನೆರೆಹೊರೆಯ ಮಕ್ಕಳ ಕ್ಷೇಮವೂ ಇದರಲ್ಲಿ ಸೇರಿದೆ.

ಕೊಳ್ಳುವ ಮುನ್ನ

ಹಳೆಯ ಪಿಸ್ತೂಲನ್ನು ಪರಿಶೀಲಿಸುವಾಗ ಪರಿಣತ ತರಬೇತುದಾರರನ್ನು ಜೊತೆಗೆ ಕರೆದೊಯ್ಯಬೇಕು. ಬೋಲ್ಟ್ ಉಕ್ಕಿನದೇ, ಚೌಕಟ್ಟಿನಲ್ಲಿ ಬಿರುಕುಗಳಿವೆಯೇ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಉಬ್ಬಿನ ಗುರುತಾದ ಉಂಗುರದಂತಹ ನೆರಳು ಕಾಣುತ್ತದೆಯೇ, ಟ್ರಿಗರ್ 1,000 ಗ್ರಾಂ ತೂಕವನ್ನು ತಡೆಯುತ್ತದೆಯೇ ಎಂಬುದನ್ನು ನೋಡಬೇಕು. ಬಿಡಿಭಾಗಗಳು ಈಗಲೂ ದೊರೆಯುತ್ತವೆಯೇ ಎಂದು ವಿಚಾರಿಸಬೇಕು. ತಯಾರಿಕೆ ನಿಂತುಹೋದ ಉತ್ತಮ ಪಿಸ್ತೂಲಿಗಿಂತ, ಸ್ಪ್ರಿಂಗ್ ಮತ್ತು ಪಿನ್‌ಗಳು ಸುಲಭವಾಗಿ ದೊರೆಯುವ ಸಾಧಾರಣ ಪಿಸ್ತೂಲು ಹೊಸಬರಿಗೆ ಹೆಚ್ಚು ಉಪಯುಕ್ತ. ಕಲಿಕೆಯ ಮೊದಲ ವರ್ಷಗಳಲ್ಲಿ ಕೊಳ್ಳುವ ಅವಸರವನ್ನೇ ಬಿಟ್ಟು ಗಾಳಿ ಪಿಸ್ತೂಲಿನಲ್ಲಿಯೂ ಕ್ಲಬ್‌ನ ಪಿಸ್ತೂಲಿನಲ್ಲಿಯೂ ಅಭ್ಯಾಸ ಮುಂದುವರಿಸುವುದು ಅನೇಕ ಕುಟುಂಬಗಳಿಗೆ ಉಚಿತವಾದ ಮಾರ್ಗ.

ಗಗನ್ ನಾರಂಗ್ ಅವರಿಗೆ 1997ರಲ್ಲಿ ಅವರ ತಂದೆ ಕೊಡಿಸಿದ್ದು ಒಂದು ಗಾಳಿ ಪಿಸ್ತೂಲು. ಹದಿನೈದು ವರ್ಷಗಳ ಬಳಿಕ ಒಲಿಂಪಿಕ್ ಪದಕ ಬಂದಿತು. ಆರಂಭಕ್ಕೆ ದುಬಾರಿಯಾದ ಆಯುಧ ಅನಿವಾರ್ಯವಲ್ಲವೆಂಬುದಕ್ಕೆ ಈ ನಿದರ್ಶನ ಸಾಕು. ಸಾಧಾರಣ ಬೆಲೆಯ ಪಿಸ್ತೂಲನ್ನು, ಅದರ ಬಲ ಮತ್ತು ಮಿತಿ ಎರಡನ್ನೂ ಅರಿತು, ಶುಚಿಯಾಗಿಟ್ಟು, ಸವೆದ ಭಾಗಗಳನ್ನು ಸಕಾಲದಲ್ಲಿ ಬದಲಿಸಿ, ನಿಯಮ ತಪ್ಪದೆ ಬಳಸಿದರೆ ಅದು ಅನೇಕ ವಿದ್ಯಾರ್ಥಿಗಳ ಕೈದಾಟಿ ಬಾಳುತ್ತದೆ. ಬಾಳಿಕೆಗೂ ಸುರಕ್ಷತೆಗೂ ಬೇಕಾದ ಶಿಸ್ತು ಒಂದೇ. ಅದನ್ನು ಮಕ್ಕಳಿಗೆ ಮೊದಲ ದಿನದಿಂದಲೇ ಕಲಿಸುವುದು ತಂದೆ ತಾಯಿಯರ ಮತ್ತು ತರಬೇತುದಾರರ ಹೊಣೆ.